ಮದ್ರಾಸಿನ ಕೋಟೆಯಲ್ಲಿ ಗಿರವಿ ಇದ್ದ ಇಬ್ಬರು ಹುಡುಗರು

ಶಾಲಾ ಪ್ರವಾಸ ಅಂದರೆ ಮೊದಲಿನಿಂದ ಕೊನೆಯವರೆಗೂ ತಲೆ ಎಣಿಸೋ ಕೆಲಸ. ದೇವನಹಳ್ಳಿಯಲ್ಲಿ ಬಸ್ಸು ಹತ್ತುವಾಗ ನಮ್ಮ ಪಿಟಿ ಸಾರ್ ಎಣಿಸಿದರು, 42. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಎಣಿಸಿದರು, 41. ಎದೆ ಧಸಕ್ ಅಂತು. ಬಸ್ಸಿನ ಕೊನೆ ಸೀಟಿನಲ್ಲಿ ಒಬ್ಬ ಇನ್ನೂ ನಿದ್ದೆ ಹೊಡೆಯುತ್ತಿದ್ದ. ಬೆಳಗ್ಗೆ ಐದೂವರೆ. ಆರೂಕಾಲರ ಹೊತ್ತಿಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳನ್ನು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂಗೆ ಕರೆದುಕೊಂಡು ಹೋಗೋಣ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರಿಗೂ ಅಷ್ಟೇನೂ ಇಷ್ಟವಿರಲಿಲ್ಲ. "ಮೈಸೂರು ಬಿಟ್ಟು ಮದ್ರಾಸಾ? ಅಲ್ಲಿ ಏನಿದೆ?" ಅಂದರು ಗಣಿತದ ಮೇಡಂ. ಅವರ ಪ್ರಶ್ನೆ ತಪ್ಪಲ್ಲ. ಇಂಗ್ಲಿಷರು ಈ ದೇಶದಲ್ಲಿ ಕಟ್ಟಿದ ಮೊದಲ ದೊಡ್ಡ ಕೋಟೆ ಅದು. 1639ರಲ್ಲಿ ಜಾಗ ಸಿಕ್ಕಿತು, ಮುಂದಿನ ವರ್ಷ ಕೋಟೆ ಎದ್ದಿತು, ಊರು ಅದರ ಸುತ್ತ ಬೆಳೆಯಿತು. ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ಇದನ್ನು ತೋರಿಸೋಕೆ 350 ಕಿಲೋಮೀಟರ್ ದೂರ ಯಾಕೆ ಹೋಗಬೇಕು?

ನನಗೆ ಬೇರೆ ಕಾರಣ ಇತ್ತು. ಅದನ್ನು ಸದ್ಯಕ್ಕೆ ಯಾರಿಗೂ ಹೇಳಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಹೊರ ರಾಜ್ಯದ ಪ್ರವಾಸ ಅಂದಮೇಲೆ ಕಾಗದಪತ್ರ ಜಾಸ್ತಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ, ಅದರ ಜೊತೆ ಮಕ್ಕಳ ಪಟ್ಟಿ, ಉಳಿಯೋ ಜಾಗದ ವಿವರ, ಹೆಣ್ಣುಮಕ್ಕಳ ಜೊತೆ ಯಾವ ಶಿಕ್ಷಕಿಯರು ಅನ್ನೋದು. ತಂದೆ ತಾಯಿಯ ಒಪ್ಪಿಗೆ ಪತ್ರ ಒಂದೊಂದಾಗಿ ಬರಬೇಕು. ಒಬ್ಬ ಹುಡುಗಿಯ ಅಜ್ಜಿ ಶಾಲೆಗೇ ಬಂದು, "ಏನಮ್ಮಾ, ಸಮುದ್ರದ ಹತ್ರ ಬಿಡ್ತೀರಾ?" ಅಂತ ಕೇಳಿದರು. ನೀರಿಗೆ ಇಳಿಸೋದಿಲ್ಲ ಅಂತ ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳೋಕೆ ಮರೀನಾದಲ್ಲಿ ಪಿಟಿ ಸಾರ್ ಸೀಟಿ ಊದಿ ಊದಿ ಸುಸ್ತಾದರು.

ರೈಲಿನಲ್ಲಿ ವಿದ್ಯಾರ್ಥಿಗಳ ಪ್ರವಾಸಕ್ಕೆ ರಿಯಾಯಿತಿ ಇದೆ. ಮುಖ್ಯ ಶಿಕ್ಷಕರ ಸಹಿ, ಮೊಹರು, ಹೆಸರು ವಯಸ್ಸಿನ ಪಟ್ಟಿ ಬೇಕು. ಸಾಮಾನ್ಯವಾಗಿ ಒಂದು ಫಾರಂಗೆ ಆರೇ ಹೆಸರು. ದೊಡ್ಡ ಗುಂಪು ಅಂದರೆ ಮೊದಲೇ ಕೌಂಟರಿನಲ್ಲಿ ಮೇಲಿನವರನ್ನು ಕಂಡು ಅನುಮತಿ ತೆಗೆದುಕೊಳ್ಳಬೇಕು. ನಾನು ಎರಡು ಸಲ ಓಡಾಡಿದೆ. ಮೊದಲ ಸಲ ಪಟ್ಟಿಯಲ್ಲಿ ಒಬ್ಬ ಹುಡುಗನ ವಯಸ್ಸು 41 ಅಂತ ಬರೆದಿದ್ದೆ. 14 ಆಗಬೇಕಿತ್ತು.

ಇಷ್ಟೆಲ್ಲ ಆದಮೇಲೆ ದೊಡ್ಡ ಎಡವಟ್ಟು ಗೊತ್ತಾಯಿತು. ಗುರುವಾರ ಪ್ರಯಾಣ, ಶುಕ್ರವಾರ ಕೋಟೆ ಮತ್ತು ಎಗ್ಮೋರ್‌ನ ಸರ್ಕಾರಿ ಮ್ಯೂಸಿಯಂ, ಶನಿವಾರ ಮಹಾಬಲಿಪುರ. ಹೀಗೆ ಹಾಕಿಕೊಂಡಿದ್ದೆ. ನಮ್ಮ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗೆ ಸೋಮವಾರ ರಜೆ ಅಲ್ವಾ? ಅಲ್ಲೂ ಹಾಗೇ ಇರುತ್ತೆ ಅಂದುಕೊಂಡೆ. ಕೋಟೆಯ ಮ್ಯೂಸಿಯಂಗೆ ಫೋನ್ ಮಾಡಿದಾಗ ಆ ಕಡೆಯವರು ನಿಧಾನವಾಗಿ, "ಮೇಡಂ, ಶುಕ್ರವಾರ ರಜಾ" ಅಂದರು. ಸರಿ, ಅವತ್ತು ಎಗ್ಮೋರ್ ಮಾತ್ರ ನೋಡೋಣ ಅಂತ ವಿಚಾರಿಸಿದರೆ ಅದಕ್ಕೂ ಶುಕ್ರವಾರವೇ ರಜಾ! ಟಿಕೆಟ್ ಆಗಲೇ ಆಗಿತ್ತು. ಕೊನೆಗೆ ಮಹಾಬಲಿಪುರವನ್ನು ಶುಕ್ರವಾರಕ್ಕೆ ತಂದು, ಕೋಟೆಯನ್ನು ಶನಿವಾರಕ್ಕೆ ತಳ್ಳಿದೆ. ಎಗ್ಮೋರ್ ಕೈಬಿಟ್ಟೆ. ಇದರಿಂದ ಒಂದು ಲಾಭವೂ ಆಯಿತು. ಕೋಟೆಯೊಳಗೆ ತಮಿಳುನಾಡಿನ ಸಚಿವಾಲಯ ಇದೆ. ವಾರದ ದಿನ ಕಾರು, ಫೈಲು, ಪೊಲೀಸರು ಅಂತ ಗಿಜಿಗಿಜಿ. ಶನಿವಾರ ಆರಾಮ.

ಫೋನಿನಲ್ಲಿ ಮಾತಾಡಿದವರೇ ಇನ್ನೊಂದು ಒಳ್ಳೆಯ ಮಾತು ಹೇಳಿದರು. ನಲವತ್ತು ಜನ ಒಟ್ಟಿಗೆ ನುಗ್ಗಬೇಡಿ, ಎರಡು ಗುಂಪು ಮಾಡಿಕೊಳ್ಳಿ, ಒಂದು ಗುಂಪು ಒಳಗೆ ಇದ್ದಾಗ ಇನ್ನೊಂದು ಹೊರಗೆ ಚರ್ಚ್ ನೋಡಲಿ ಅಂತ. ಹಾಗೇ ಮಾಡಿದೆವು. ಈ ಮ್ಯೂಸಿಯಂ ಪುರಾತತ್ವ ಸರ್ವೇಕ್ಷಣ ಇಲಾಖೆಯದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮಲ್ಲಿ ನಾಲ್ಕೈದು ಜನಕ್ಕೆ ಆಗಲೇ 15 ತುಂಬಿತ್ತು. ಅವರಿಗೂ ನಮಗೂ ಮಾತ್ರ ಟಿಕೆಟ್. 15 ತುಂಬಿದವರಿಗೆ ಅವತ್ತು ಅದೇನು ಗತ್ತು! ಟಿಕೆಟ್ಟನ್ನು ಜೇಬಿನಲ್ಲಿ ಹೊರಗೆ ಕಾಣೋ ಹಾಗೆ ಇಟ್ಟುಕೊಂಡು ತಿರುಗಿದರು.

ಹೋಗುವ ಮೊದಲು ಮಾಡಿಕೊಂಡ ಒಂದು ತಯಾರಿ ಹೇಳಬೇಕು. ಅದರ ಹಿಂದಿನ ವರ್ಷ ಒಂದು ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ದಿದ್ದೆ. 40 ಪ್ರಶ್ನೆಗಳ ಹಾಳೆ ಕೊಟ್ಟಿದ್ದೆ. ಅದು ನನ್ನ ಜಾಣತನ ಅಂದುಕೊಂಡಿದ್ದೆ. ಮಕ್ಕಳು ಎರಡು ಗಂಟೆ ಬೋರ್ಡಿನಲ್ಲಿ ಇದ್ದದ್ದನ್ನು ಹಾಳೆಗೆ ಇಳಿಸಿದರು ಅಷ್ಟೇ. ಒಬ್ಬರೂ ತಲೆ ಎತ್ತಿ ವಸ್ತು ನೋಡಲಿಲ್ಲ. ವಾಪಸ್ ಬಂದು "ಏನು ನೋಡಿದ್ರಿ?" ಅಂದರೆ "ಎಲ್ಲಾ ನೋಡಿದ್ವಿ ಮಿಸ್" ಅಂದರು. ಎಲ್ಲಾ ಅಂದರೆ ಏನೂ ಇಲ್ಲ.

ಈ ಸಲ ಚೀಟಿ ಎತ್ತಿಸಿದೆ. ಇಬ್ಬಿಬ್ಬರ ಜೋಡಿ. ಪ್ರತಿ ಜೋಡಿಗೆ ಒಂದೇ ಒಂದು ವಸ್ತು. ಅದರ ಮುಂದೆ ಹತ್ತು ನಿಮಿಷ ಸುಮ್ನೆ ನಿಲ್ಲಬೇಕು. ಮೊದಲ ಐದು ನಿಮಿಷ ಬೋರ್ಡು ಓದುವ ಹಾಗಿಲ್ಲ. ಆಮೇಲೆ ಮೂರು ಸಾಲು ಬರೆಯಬೇಕು. ಏನು ಕಂಡಿತು, ಏನು ಗೊತ್ತಾಯಿತು, ಏನು ಕೇಳಬೇಕು ಅನ್ನಿಸಿತು. ಮೂರನೆಯದಕ್ಕೆ ಉತ್ತರ ಬೇಕಿಲ್ಲ. "ಉತ್ತರ ಬೇಡ" ಅಂದಿದ್ದಕ್ಕೆ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಮಾರ್ಕ್ಸ್ ಹೇಗೆ ಹಾಕ್ತೀರಿ ಮಿಸ್ ಅಂತ ಮೂರು ಸಲ ಕೇಳಿದರು.

ರೈಲಿನ ಪ್ರಯಾಣ ಎಲ್ಲ ಶಾಲೆಯವರದ್ದೂ ಒಂದೇ ಥರ. ಅಂತ್ಯಾಕ್ಷರಿ, ಚಿತ್ರಾನ್ನ, ಬಾಗಿಲ ಹತ್ತಿರ ನಿಲ್ಲಬೇಡಿ ಅಂತ ಕೂಗಾಟ. ಒಬ್ಬನ ಮನೆಯಿಂದ ನಾಲ್ಕು ಚಕ್ಕೋತ ಬಂದಿದ್ದವು. ದೇವನಹಳ್ಳಿ ಚಕ್ಕೋತ. ಬಂಗಾರಪೇಟೆ ಬರೋ ಹೊತ್ತಿಗೆ ಸಿಪ್ಪೆ ಮಾತ್ರ ಉಳಿದಿತ್ತು. ಕಾಟ್ಪಾಡಿಯಲ್ಲಿ ರೈಲು ನಿಂತಾಗ ನಾನು ಬಾಯಿ ತಡೆಯಲಾರದೆ ಪಾಠ ಶುರು ಮಾಡಿದೆ. ಇಲ್ಲಿಂದ ಹತ್ತಿರದಲ್ಲೇ ವೆಲ್ಲೂರು ಕೋಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮನೆಮಂದಿಯನ್ನು ಅಲ್ಲಿ ಇಟ್ಟಿದ್ದರು. 1806ರ ಜುಲೈನಲ್ಲಿ ಆ ಕೋಟೆಯ ಸಿಪಾಯಿಗಳು ದಂಗೆ ಎದ್ದರು, ಆಮೇಲೆ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು. ಅರ್ಧ ಕಿವಿಗಳು ವಡೆ ಮಾರುವವನ ಕಡೆ ಇದ್ದವು. ತಪ್ಪಿಲ್ಲ ಬಿಡಿ, ನನಗೂ ಹಸಿವಾಗಿತ್ತು.

ಮಹಾಬಲಿಪುರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮಳೆಯಲ್ಲಿ ನೆನೆದೆವು, ಅಷ್ಟು ಸಾಕು.

ಶನಿವಾರ ಬೆಳಗ್ಗೆ ಹತ್ತು ಗಂಟೆ. ಬಾಡಿಗೆ ಬಸ್ಸು ಒಂದು ಗಂಟೆ ತಡ. ಅಷ್ಟರಲ್ಲಿ ಮಕ್ಕಳು ಛತ್ರದ ಮುಂದಿನ ಅಂಗಡಿಯವರ ಜೊತೆ ತೆಲುಗಿನಲ್ಲಿ ಮಾತಾಡಿ ಗೆಳೆತನ ಮಾಡಿಕೊಂಡಿದ್ದರು. ನಮ್ಮ ಕಡೆ ಅರ್ಧ ಮಕ್ಕಳ ಮನೆಯಲ್ಲಿ ತೆಲುಗು. ಮದ್ರಾಸಿನಲ್ಲಿ ಇದು ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ಕೋಟೆಯ ಬಾಗಿಲಲ್ಲಿ ಪೊಲೀಸ್ ತಪಾಸಣೆ. ಬ್ಯಾಗು ತೆರೆದು ತೋರಿಸಬೇಕು, ಶಾಲೆಯ ಪತ್ರ, ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಸಚಿವಾಲಯದ ಜೊತೆಗೆ ಸೇನೆಯ ಕಚೇರಿಗಳೂ ಒಳಗಿವೆ, ಎಲ್ಲೆಂದರಲ್ಲಿ ಮೊಬೈಲ್ ಎತ್ತುವ ಹಾಗಿಲ್ಲ. ಇದನ್ನು ನಾನು ಹಿಂದಿನ ರಾತ್ರಿಯೇ ಹೇಳಿದ್ದೆ. ಆದರೂ ಒಬ್ಬ ಧ್ವಜಸ್ತಂಭದ ಮುಂದೆ ಸೆಲ್ಫಿಗೆ ನಿಂತ. ಪೇದೆಯೊಬ್ಬರು ಬಂದು, ಬೈಯದೆ, ಕೈಯಲ್ಲೇ "ಆ ಕಡೆ ಬೇಡ" ಅಂತ ತೋರಿಸಿ ಹೋದರು. ಎಣಿಸಿದೆವು, 42.

ಮೊದಲ ಗುಂಪು ನನ್ನದು. ಎರಡನೆಯದು ಗಣಿತದ ಮೇಡಂ ಜೊತೆ ಸೇಂಟ್ ಮೇರಿ ಚರ್ಚಿನ ಕಡೆ ಹೋಯಿತು. 1680ರ ಕಟ್ಟಡ ಅದು. ನಮ್ಮ ದೇಶದ ಅತಿ ಹಳೆಯ ಆಂಗ್ಲಿಕನ್ ಚರ್ಚ್. ರಾಬರ್ಟ್ ಕ್ಲೈವ್ ಮದುವೆಯಾದದ್ದು ಇಲ್ಲೇ, 1753ರಲ್ಲಿ. ಗುಂಡು ಬಿದ್ದರೂ ತಡೆಯಲಿ ಅಂತ ಗೋಡೆ, ಚಾವಣಿ ಎಲ್ಲ ದಪ್ಪಗೆ ಕಟ್ಟಿದ್ದಾರೆ. ಹೊರಗೆ ನೆಲಕ್ಕೆ ಹಾಸಿರೋದು ಗೋರಿಕಲ್ಲುಗಳು ಅಂತ ಗೊತ್ತಾದ ಮೇಲೆ ಹುಡುಗಿಯರು ಕಾಲೆತ್ತಿ ಎತ್ತಿ ಇಡುತ್ತಾ ನಡೆದರಂತೆ. ಮೇಡಂ ಮಾತ್ರ ಕ್ಲೈವನ ಮದುವೆ ಸುದ್ದಿ ಕೇಳಿ, "ಪರವಾಗಿಲ್ಲ, ಬಂದದ್ದಕ್ಕೆ ಒಂದು ಛತ್ರ ನೋಡಿದ ಹಾಗಾಯ್ತು" ಅಂದರು.

ಮ್ಯೂಸಿಯಂ ಕಟ್ಟಡ 1795ರದು. ಮ್ಯೂಸಿಯಂಗೆಂದು ಕಟ್ಟಿದ್ದಲ್ಲ, ವ್ಯಾಪಾರಿಗಳು ಸೇರುವ ಜಾಗ. ಮದ್ರಾಸ್ ಬ್ಯಾಂಕ್ ಇದ್ದದ್ದೂ ಇಲ್ಲೇ. ಮೇಲಿನ ಉದ್ದನೆಯ ಹಾಲ್‌ನಲ್ಲಿ ಸಭೆ, ಮೋಜು, ಲಾಟರಿ ಎತ್ತುವುದು ಎಲ್ಲ ನಡೆಯುತ್ತಿತ್ತು. ಲಾಟರಿ ಅಂದ ಕೂಡಲೇ ಹುಡುಗರ ಮುಖ ಅರಳಿತು. ಈಗ ಅದೇ ಹಾಲ್‌ನಲ್ಲಿ ರಾಜ, ರಾಣಿ, ಗವರ್ನರುಗಳ ದೊಡ್ಡ ದೊಡ್ಡ ತೈಲಚಿತ್ರಗಳು. ಜನರಿಗೆ ತೆರೆದದ್ದು 1948ರ ಜನವರಿ 31ಕ್ಕೆ. ಸ್ವಾತಂತ್ರ್ಯ ಬಂದು ಆರು ತಿಂಗಳೂ ಆಗಿರಲಿಲ್ಲ. ಗಾಂಧೀಜಿ ತೀರಿಹೋದ ಮರುದಿನ ಅದು. ಈ ತಾರೀಖನ್ನು ಹೇಳಿದಾಗ ಒಬ್ಬ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿ, "ಅವತ್ತೂ ತೆಗೆದ್ರಾ ಮಿಸ್?" ಅಂದ.

ಚೀಟಿಯ ಪ್ರಕಾರ ಜೋಡಿಗಳು ಚದುರಿದವು. ಒಂದು ಜೋಡಿಗೆ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ ಇದ್ದ ಪಿಂಗಾಣಿ ತಟ್ಟೆ. ಒಂದಕ್ಕೆ ಎಮ್ಡನ್ ಹಡಗಿನ ಗುಂಡಿನ ಚೂರು. 1914ರ ಸೆಪ್ಟೆಂಬರ್ 22ರ ರಾತ್ರಿ ಈ ಜರ್ಮನ್ ಹಡಗು ಕಡಲಿಂದ ಮದ್ರಾಸಿನ ಮೇಲೆ ಗುಂಡು ಹಾರಿಸಿ, ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಗಿತ್ತು. ಇನ್ನೊಂದು ಜೋಡಿಗೆ ಬಾವುಟ. 1947ರ ಆಗಸ್ಟ್ 15ರ ಬೆಳಗ್ಗೆ ಈ ಕೋಟೆಯ ಮೇಲೆ ಹಾರಿದ ರೇಷ್ಮೆಯ ಬಾವುಟ ಅದು. 12 ಅಡಿ ಉದ್ದ, 8 ಅಡಿ ಅಗಲ. 2013ರಿಂದ ಜನರಿಗೆ ತೋರಿಸುತ್ತಿದ್ದಾರೆ. ರೇಷ್ಮೆ ಹಾಳಾಗಬಾರದು ಅಂತ ಬೆಳಕು ಮಂದ. ನಮ್ಮ ಕಡೆ ಸುತ್ತಮುತ್ತ ರೇಷ್ಮೆ ಸಾಕುವವರು ಇದ್ದಾರೆ. ಆ ಜೋಡಿಯಲ್ಲಿ ಒಬ್ಬಳ ಮನೆಯಲ್ಲಿ ಹುಳು ಮೇಯಿಸುತ್ತಾರೆ. ಅವಳು ಬರೆದ ಮೂರನೇ ಸಾಲು: "ಇದಕ್ಕೆ ಗೂಡು ಎಲ್ಲಿಂದ ಬಂತು?" ಇಂಥ ಪ್ರಶ್ನೆ ನಾನು ಎಂದೂ ತಯಾರು ಮಾಡುತ್ತಿರಲಿಲ್ಲ.

ನಾನು ಕಾಯುತ್ತಿದ್ದದ್ದು ಕೆಳಗಿನ ಪ್ರತಿಮೆಯ ಹತ್ತಿರ.

ಇಂಗ್ಲಿಷರ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್ ಪ್ರತಿಮೆ ಅದು. ಬಿಳಿ ಅಮೃತಶಿಲೆ. ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರ. ಥಾಮಸ್ ಬ್ಯಾಂಕ್ಸ್ ಅನ್ನೋ ಶಿಲ್ಪಿ ಲಂಡನ್ನಿನಲ್ಲಿ ಕೆತ್ತಿದ್ದು. 1800ರಲ್ಲಿ ಹಡಗಿನಲ್ಲಿ ಬಂದದ್ದನ್ನು ಕೋಟೆಯ ಕವಾಯತು ಮೈದಾನದಲ್ಲಿ ನಿಲ್ಲಿಸಿದರು. ಆಮೇಲೆ ಊರೆಲ್ಲ ತಿರುಗಿತು ಪಾಪ. ಬಂದರಿನ ಹತ್ತಿರ ಸ್ವಲ್ಪ ಕಾಲ, ಕನ್ನೆಮರಾ ಗ್ರಂಥಾಲಯದಲ್ಲಿ ಸ್ವಲ್ಪ ಕಾಲ, ಕೊನೆಗೆ ಮತ್ತೆ ಕೋಟೆಗೇ ಬಂದು ಮ್ಯೂಸಿಯಂ ಸೇರಿತು. ಅದಕ್ಕೆಂದು ಕಟ್ಟಿದ್ದ ಮಂಟಪ ಮಾತ್ರ ಖಾಲಿಯಾಗಿ ಹೊರಗೇ ನಿಂತಿದೆ.

ನಮ್ಮ ಮಕ್ಕಳಿಗೆ ಕಾರ್ನ್‌ವಾಲಿಸ್ ಹೊಸಬನಲ್ಲ. 1791ರಲ್ಲಿ ಬೆಂಗಳೂರಿನ ಕೋಟೆ ಒಡೆದವನು ಅವನೇ. ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಯ ಗೋಡೆಯಲ್ಲಿ ಅದರ ಕಲ್ಲು ಫಲಕ ಇನ್ನೂ ಇದೆ. ಅದೇ ವರ್ಷ ನಂದಿದುರ್ಗವೂ ಬಿತ್ತು. ನಮ್ಮ ಶಾಲೆಯ ಕಡೆಯಿಂದ ನೋಡಿದರೆ ಕಾಣುವ ನಂದಿಬೆಟ್ಟ. ದೇವನಹಳ್ಳಿ ಕೋಟೆಯೂ ಆಗಲೇ ಅವನ ಕೈಗೆ ಹೋಯಿತು. ಅಮೆರಿಕದಲ್ಲಿ 1781ರಲ್ಲಿ ಸೋತು ಶರಣಾದವನು ಇಲ್ಲಿಗೆ ಬಂದು ಗೆದ್ದ ಅಂತ ತರಗತಿಯಲ್ಲಿ ಹೇಳಿದ್ದೆ.

ಪ್ರತಿಮೆಯ ಚೀಟಿ ಬಂದಿದ್ದು ಇಬ್ಬರು ಹುಡುಗಿಯರಿಗೆ. ಐದು ನಿಮಿಷ ಸುಮ್ನೆ ನಿಂತರು. ಆಮೇಲೆ ಒಬ್ಬಳು ಪೀಠದ ಮೇಲಿನ ಉಬ್ಬುಶಿಲ್ಪ ತೋರಿಸಿ, "ಮಿಸ್, ಈ ಇಬ್ಬರು ಹುಡುಗರು ಯಾರು?" ಅಂದಳು.

ನಾನು ಪ್ರವಾಸ ಹಾಕಿಕೊಂಡದ್ದೇ ಈ ಪ್ರಶ್ನೆಗಾಗಿ.

ಟಿಪ್ಪುವಿನ ಮಕ್ಕಳು ಅವರು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್. ದೊಡ್ಡವನಿಗೆ ಹತ್ತರ ಆಸುಪಾಸು, ಇನ್ನೊಬ್ಬ ಅವನಿಗಿಂತ ಚಿಕ್ಕವನು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತಲ್ಲ, ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು ಅಂತ. ಆ ದುಡ್ಡು ತೀರುವ ತನಕ ಇಬ್ಬರು ಮಕ್ಕಳು ಒತ್ತೆಯಾಳು. ಪಠ್ಯಪುಸ್ತಕದಲ್ಲಿ ಇದು ಒಂದೇ ಸಾಲು. ನಾನೂ ಎಷ್ಟೋ ವರ್ಷ ಆ ಸಾಲಿಗೆ ಅಡಿಗೆರೆ ಎಳೆಸಿ ಮುಂದೆ ಹೋಗಿದ್ದೇನೆ.

"ಒತ್ತೆಯಾಳು ಅಂದ್ರೆ?" ಅಂದ ಹಿಂದಿನಿಂದ ಒಬ್ಬ. ಪರೀಕ್ಷೆಯಲ್ಲಿ ಆ ಪದ ಎರಡು ಸಲ ಬರೆದಿದ್ದ ಹುಡುಗ!

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಹೇಳಿದಳು. "ಗಿರವಿ ಕಣೋ. ನಮ್ಮಮ್ಮ ಸರ ಇಟ್ಟಿಲ್ವಾ, ಹಂಗೆ. ದುಡ್ಡು ಕಟ್ಟಿದ್ಮೇಲೆ ಬಿಡಿಸ್ಕೊಂಡ್ ಬರ್ತಾರೆ."

ಯಾರೂ ನಗಲಿಲ್ಲ. ನನಗೆ ಗೊತ್ತಿತ್ತು, ಈ ಪ್ರವಾಸದ ದುಡ್ಡಿಗೂ ಮನೆಯಲ್ಲಿ ಕಷ್ಟಪಟ್ಟವರು ನಮ್ಮ ಗುಂಪಿನಲ್ಲಿ ಇದ್ದಾರೆ ಅಂತ. ಒಂದು ಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ. ಆಮೇಲೆ, "ಹೌದು, ಗಿರವಿನೇ" ಅಂದೆ.

ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. "ಟಿಪ್ಪು ಎಲ್ಲಿ ಮಿಸ್, ಇದರಲ್ಲಿ?" ಟಿಪ್ಪು ಅಲ್ಲಿಗೆ ಬಂದಿರಲಿಲ್ಲ. ಅವನ ವಕೀಲ, ಅಂದರೆ ರಾಯಭಾರಿ, ಮಕ್ಕಳನ್ನು ಕರೆತಂದು ಒಪ್ಪಿಸಿದ್ದು. "ಅವರಮ್ಮ?" ಶಿಲ್ಪದಲ್ಲಿ ಅಮ್ಮಂದಿರು ಇಲ್ಲ. "ಎಲ್ಲಿ ಇಟ್ಟಿದ್ರು?" ಇಲ್ಲೇ. ಶ್ರೀರಂಗಪಟ್ಟಣದಿಂದ ಮದ್ರಾಸಿಗೆ ಕರೆತಂದು ಇದೇ ಕೋಟೆಯೊಳಗೆ ಇರಿಸಿದ್ದರು. ಹಾಗಂದ ಕೂಡಲೇ ಮಕ್ಕಳು ಸುತ್ತ ಗೋಡೆ ನೋಡತೊಡಗಿದರು. ಈ ಕಟ್ಟಡ ಆಗ ಇನ್ನೂ ಮುಗಿದಿರಲಿಲ್ಲ, ಬೇರೆ ಮನೆ ಅದು ಅಂತ ತಿದ್ದಬೇಕಾಯಿತು.

ಟಿಪ್ಪು ಅಂದರೆ ನಮ್ಮಲ್ಲಿ ದೊಡ್ಡವರು ಕೂಡಲೇ ಎರಡು ಪಕ್ಷ ಆಗುತ್ತಾರೆ. ಪ್ರವಾಸದ ಸುದ್ದಿ ತಿಳಿದು ಒಬ್ಬ ಪೋಷಕರು, "ಮೇಡಂ, ನೀವು ಯಾವ ಕಡೆ?" ಅಂತ ನೇರವಾಗಿ ಕೇಳಿದ್ದರು. ಆ ಶಿಲ್ಪದ ಮುಂದೆ ನನ್ನ ಮಕ್ಕಳಿಗೆ ಆ ಪ್ರಶ್ನೆಯೇ ಬರಲಿಲ್ಲ. ತಮ್ಮ ತಮ್ಮಂದಿರ ವಯಸ್ಸಿನ ಇಬ್ಬರು ಹುಡುಗರು ಅಪರಿಚಿತರ ಮುಂದೆ ನಿಂತಿದ್ದಾರೆ. ಅವರಿಗೆ ಕಂಡದ್ದು ಅಷ್ಟು.

ಈ ದೃಶ್ಯ ಇಂಗ್ಲಿಷರಿಗೆ ಎಷ್ಟು ಇಷ್ಟವಾಗಿತ್ತು ಅಂದರೆ ರಾಬರ್ಟ್ ಹೋಮ್, ಮ್ಯಾಥರ್ ಬ್ರೌನ್ ಮೊದಲಾದ ಹಲವು ಚಿತ್ರಕಾರರು ಇದನ್ನೇ ಬರೆದರು. ಎಲ್ಲದರಲ್ಲೂ ಕಾರ್ನ್‌ವಾಲಿಸ್ ದೊಡ್ಡ ಮನಸ್ಸಿನ ಯಜಮಾನ, ಹುಡುಗರನ್ನು ತಂದೆಯ ಹಾಗೆ ಬರಮಾಡಿಕೊಳ್ಳುತ್ತಿದ್ದಾನೆ. ಮಕ್ಕಳನ್ನು ಕಿತ್ತುಕೊಂಡವನನ್ನು ಮಕ್ಕಳ ಮೇಲೆ ಮಮತೆ ಇರುವವನ ಹಾಗೆ ತೋರಿಸೋದು ಸುಲಭದ ಕೆಲಸವೇನಲ್ಲ. ಚೆನ್ನಾಗಿಯೇ ಮಾಡಿದ್ದಾರೆ.

ಹೊರಡುವ ಹೊತ್ತಾಯಿತು. ಬಾಗಿಲಲ್ಲಿ ಎಣಿಸಿದರೆ ನನ್ನ ಗುಂಪಿನಲ್ಲಿ 20. ಒಬ್ಬ ಇಲ್ಲ. ಪಿಟಿ ಸಾರ್ ಮೇಲೆ ಓಡಿದರು, ನಾನು ಕೆಳಗೆ. ಸಿಕ್ಕಿದ. ಒಂದು ಮರದ ಪಂಜರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಂಡಿಯನ್ನು ಎದೆಗೆ ಒತ್ತಿಕೊಂಡು, ತಾನು ಅದರಲ್ಲಿ ಹಿಡಿಸುತ್ತೇನಾ ಅಂತ ಕಣ್ಣಲ್ಲೇ ಅಳೆಯುತ್ತಿದ್ದ. ಹಿಂದೆ ನಿಂತ ಕಾವಲುಗಾರರು ನಗು ತಡೆದುಕೊಂಡಿದ್ದರು.

ಆ ಪಂಜರದ ಕಥೆ ಇದು. ಮದ್ರಾಸ್ ಫಿರಂಗಿ ಪಡೆಯ ಆನ್‌ಸ್ಟ್ರದರ್ ಅನ್ನೋ ಕ್ಯಾಪ್ಟನ್ 1840ರಲ್ಲಿ, ಅಫೀಮು ಯುದ್ಧದ ಕಾಲಕ್ಕೆ, ಚೀನಾದಲ್ಲಿ ಸೆರೆಸಿಕ್ಕ. ಚೀನಾದವರು ಅವನನ್ನು ಈ ಪಂಜರದಲ್ಲಿ ಕೂಡಿಹಾಕಿದ್ದರು. ಕಾಲು ಚಾಚಲು ಜಾಗ ಇಲ್ಲ. ಬಿಡುಗಡೆಯಾದ ಮೇಲೆ ಪಂಜರ ಮದ್ರಾಸಿಗೆ ಬಂತು. ಇವತ್ತಿಗೂ ಇದೆ.

ಹುಡುಗ ಎದ್ದು ಚಡ್ಡಿ ಕೊಡವಿಕೊಂಡು ನನ್ನ ಜೊತೆ ನಡೆದ. ಪ್ರತಿಮೆಯ ಮುಂದೆ ಹಾದು ಬರುವಾಗ ನಿಂತ. "ಮಿಸ್, ಅವರ ಕಡೆಯವನನ್ನ ಹಿಡಿದಿಟ್ರೆ ಪಂಜರ ತಂದು ಎಲ್ಲರಿಗೂ ತೋರಿಸ್ತಾರೆ. ನಮ್ಮ ಹುಡುಗರನ್ನ ಹಿಡಿದಿಟ್ರೆ ಹಿಡಿದವನಿಗೇ ಪ್ರತಿಮೆನಾ?"

ಈ ಎರಡೂ ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಪಂಜರವನ್ನು ನಾನು ಚೀಟಿಗೂ ಬರೆದಿರಲಿಲ್ಲ. ಅದು ಚೀನಾದ ವಿಷಯ, ನಮ್ಮ ಸಿಲಬಸ್‌ಗೆ ಬರಲ್ಲ ಅಂತ ಬಿಟ್ಟಿದ್ದೆ. ಹುಡುಗರನ್ನು ಪಂಜರದಲ್ಲಿ ಇಟ್ಟಿರಲಿಲ್ಲ, ಮರ್ಯಾದೆಯಿಂದಲೇ ನೋಡಿಕೊಂಡರು ಅಂತ ಹೇಳಿದೆ. ಅದು ನಿಜ ಕೂಡ. ಅವನು ತಲೆಯಾಡಿಸಿದ. ಒಪ್ಪಿದ ಹಾಗೆ ಕಾಣಲಿಲ್ಲ. ನನಗೂ ನನ್ನ ಉತ್ತರ ಅಷ್ಟೇನೂ ಹಿಡಿಸಲಿಲ್ಲ.

ರಾತ್ರಿ ಛತ್ರದಲ್ಲಿ ಮಕ್ಕಳ ಹಾಳೆಗಳನ್ನು ಓದಿದೆ. ತಪ್ಪು ಕಾಗುಣಿತ ಬೇಕಾದಷ್ಟು. ಒಬ್ಬಳು ಕಾರ್ನ್‌ವಾಲಿಸ್‌ನನ್ನು "ಕಾನ್ವಾಲಿಸ್ ಸಾರ್" ಅಂತ ಬರೆದಿದ್ದಳು. ಒಂದು ಜೋಡಿ ಪಿಂಗಾಣಿ ತಟ್ಟೆಯ ಬಗ್ಗೆ, "ಇದರಲ್ಲಿ ಮುದ್ದೆ ಹಿಡಿಸಲ್ಲ" ಅಂತ ಬರೆದಿತ್ತು. ಕ್ಲೈವನ ಗುಂಪಿನವರಿಗೆ ಹೈದರಾಲಿ ನೆನಪಾಗಿದ್ದ. 1769ರಲ್ಲಿ ಹೈದರ್ ಕುದುರೆ ಪಡೆ ಕಟ್ಟಿಕೊಂಡು ಇದೇ ಮದ್ರಾಸಿನ ಬಾಗಿಲ ತನಕ ಬಂದು, ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡಿದ್ದ. ಅವರ ಪ್ರಶ್ನೆ: "ತಾತ ಬಾಗಿಲಿಗೆ ಬಂದ, ಮೊಮ್ಮಕ್ಕಳು ಒಳಗೆ ಬಂದರು. ಮಧ್ಯೆ ಎಷ್ಟು ವರ್ಷ?" 23. ನಾನು ಅದನ್ನು ಎಂದೂ ಹಾಗೆ ಲೆಕ್ಕ ಹಾಕಿರಲಿಲ್ಲ.

ಭಾನುವಾರ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು, ಸಂಜೆಗೆ ಊರು. ಎಣಿಕೆ 42. ಅಜ್ಜಿ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು.

ಇನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆ ಕಾರಣ. ಅದನ್ನು ಮದ್ರಾಸಿನಲ್ಲೂ ಹೇಳಲಿಲ್ಲ. ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಎಲ್ಲರನ್ನೂ ದೇವನಹಳ್ಳಿ ಕೋಟೆಗೆ ಕರೆದುಕೊಂಡು ಹೋದೆ. ಮಕ್ಕಳಿಗೆ ಬೇಸರ. ದಿನಾ ನೋಡೋ ಕೋಟೆ ಮಿಸ್, ಅದರೊಳಗೇ ನಮ್ಮ ಮನೆ ಅಂದ ಒಬ್ಬ. ಅಲ್ಲೇ ಹೊರಗೆ ಟಿಪ್ಪು ಹುಟ್ಟಿದ ಜಾಗ ಅಂತ ಕಲ್ಲುಕಂಬದ ಸಣ್ಣ ಮಂಟಪ ಇದೆ. ಪ್ರತಿಮೆ ಕೇಳಿದರೆ ಮದ್ರಾಸಿಗೆ ಹೋಗಬೇಕು, ಇಲ್ಲಿ ಆ ಮಂಟಪದ ಮೇಲೆ ಮೇಕೆ ಹತ್ತಿರುತ್ತೆ.

ಬಾಗಿಲ ಹತ್ತಿರ ಕೂರಿಸಿ ಹೇಳಿದೆ. ಎರಡು ವರ್ಷದಲ್ಲಿ ಟಿಪ್ಪು ದುಡ್ಡು ತೀರಿಸಿದ. 1794ರಲ್ಲಿ ಡವ್‌ಟನ್ ಅನ್ನೋ ಕ್ಯಾಪ್ಟನ್ ಆ ಇಬ್ಬರು ಹುಡುಗರನ್ನು ಮದ್ರಾಸಿನಿಂದ ಕರೆದುಕೊಂಡು ಹೊರಟ. ಮಾರ್ಚ್ ಕೊನೆಯ ಹೊತ್ತಿಗೆ ಅಪ್ಪನಿಗೆ ಮಕ್ಕಳನ್ನು ಒಪ್ಪಿಸಿದ. ಎಲ್ಲಿ ಗೊತ್ತಾ?

"ಶ್ರೀರಂಗಪಟ್ಟಣ" ಅಂದರು ಎಲ್ಲರೂ.

"ಇಲ್ಲಿ. ದೇವನಹಳ್ಳಿಯಲ್ಲಿ."

ಆ ಗಿರವಿ ಹುಡುಗಿ ತನ್ನ ಹಾಳೆ ತೆಗೆದು ಏನೋ ಬರೆದುಕೊಂಡಳು. ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಪಂಜರದ ಹುಡುಗ ಎದ್ದು ಹೋಗಿ ಬಾಗಿಲ ಹೊರಗೆ ನಿಂತು, ಮದ್ರಾಸಿನಿಂದ ಬರೋರು ಯಾವ ಕಡೆಯಿಂದ ಬಂದಿರಬೇಕು ಅಂತ ಪೂರ್ವದ ಕಡೆ ಕೈ ತೋರಿಸಿ ವಾದ ಶುರು ಮಾಡಿದ. ಇಬ್ಬರು ಹೊಸಕೋಟೆ ಕಡೆಯಿಂದ ಅಂದರು, ಒಬ್ಬ ಚಿಂತಾಮಣಿ ಕಡೆಯಿಂದ ಅಂದ.

ಹೊತ್ತಾಗುತ್ತಿತ್ತು. ಪಿಟಿ ಸಾರ್ ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಎಣಿಸಿದರು. "42. ಸರಿಯಾಗಿದೆ, ನಡೀರಿ."

"44 ಸಾರ್" ಅಂದ ಹಿಂದಿನಿಂದ ಯಾರೋ. ಸಾರ್ ಗಾಬರಿಯಾಗಿ ಮತ್ತೆ ಮೊದಲಿಂದ ಎಣಿಸತೊಡಗಿದರು.